ಹಳೆಯ ಎಂಎಂ 540 ಜೀಪಿಗೆ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸುವುದು: ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳ ಮಧ್ಯಾಹ್ನ, ಹಿಂದೆ ಆರು ಚೀಲ ಗೊಬ್ಬರ, ಲೋ ಗೇರಿನಲ್ಲಿ ತೋಟದ ಏರು. ಅರ್ಧ ದಾರಿಯಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತೆಂದರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಸಿಲ್ವರ್ ಮರದ ನೆರಳಿನಲ್ಲಿ ಕಾಯುತ್ತಾ ಕೂರಬೇಕು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹಳೆಯ ಮಹೀಂದ್ರ ಇಟ್ಟುಕೊಂಡಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನದು ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಇರುವ ಎಂಎಂ 540, 2112 ಸಿಸಿ. ಅದಕ್ಕೆ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿದ್ದು ಎರಡು ಸಲ. ಮೊದಲನೆಯದು ಎಂಟು ತಿಂಗಳಿಗೇ ಬಿರುಕು ಬಿಟ್ಟಿತು. ಎರಡನೆಯದು ಇಂದಿಗೂ ಒಂದು ಹನಿ ಸೋರಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ದರ್ಜೆಯ ಮಾಲು. ವ್ಯತ್ಯಾಸ ಇದ್ದದ್ದು ಕೂರಿಸಿದ ರೀತಿಯಲ್ಲಿ. 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಇರುವ ಜೀಪುಗಳಿಗೂ ಕೆಲಸದ ಕ್ರಮ ಇದೇ; ಅಳತೆಗಳು ಮಾತ್ರ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಅಲ್ಯೂಮಿನಿಯಂ ತಾಮ್ರಕ್ಕಿಂತ ಚೆನ್ನಾಗಿ ಶಾಖ ಸಾಗಿಸುವ ಲೋಹವೇನಲ್ಲ. ತಾಮ್ರದ ಶಾಖವಾಹಕತೆ ಅದರ ಹತ್ತಿರ ಹತ್ತಿರ ಎರಡರಷ್ಟಿದೆ. ಆದರೆ ಹಳೆಯ ತಾಮ್ರ–ಹಿತ್ತಾಳೆ ರೇಡಿಯೇಟರಿನಲ್ಲಿ ಕೊಳವೆಗಳು ಕಿರಿದು, ಕೊಳವೆಗೂ ರೆಕ್ಕೆಗೂ ನಡುವೆ ಸೀಸದ ಬೆಸುಗೆ. ಅಲ್ಯೂಮಿನಿಯಂನಲ್ಲಿ ಒಂದಿಂಚು ಅಗಲದ ಚಪ್ಪಟೆ ಕೊಳವೆ ಮಾಡಬಹುದು. ರೆಕ್ಕೆಗಳನ್ನು ಕುಲುಮೆಯಲ್ಲಿ ಅದಕ್ಕೇ ನೇರವಾಗಿ ಬೆಸೆದಿರುತ್ತಾರೆ. ಶಾಖ ಕೊಳವೆಯಿಂದ ರೆಕ್ಕೆಗೆ ದಾಟುವ ಜಾಗ ಹೆಚ್ಚಾಗುತ್ತದೆ, ತೂಕವೂ ಬಹಳ ಇಳಿಯುತ್ತದೆ. ಲಾಭ ಇಷ್ಟು. ಇದಕ್ಕೆ ಪ್ರತಿಯಾಗಿ ಅಲ್ಯೂಮಿನಿಯಂ ಎರಡು ವಿಷಯಗಳನ್ನು ಸಹಿಸುವುದಿಲ್ಲ: ಒಂದು ತಿರುಚು, ಇನ್ನೊಂದು ಕೆಟ್ಟ ನೀರು. ಮುಂದೆ ಹೇಳುವ ಬಹುಪಾಲು ಕೆಲಸ ಈ ಎರಡರಿಂದ ಅದನ್ನು ಕಾಪಾಡುವುದಕ್ಕಾಗಿಯೇ ಇದೆ.

ದುಡ್ಡು ಬಿಚ್ಚುವ ಮುನ್ನ

ಎಂಜಿನ್ ಕುದಿಯುತ್ತಿದೆ ಎಂದ ಮಾತ್ರಕ್ಕೆ ತಪ್ಪು ರೇಡಿಯೇಟರಿನದ್ದೇ ಆಗಿರಬೇಕಿಲ್ಲ. ಹೊಸ ರೇಡಿಯೇಟರ್ ಹಾಕಿಸಿಯೂ ಗಾಡಿ ಕುದಿಯುತ್ತಲೇ ಇರುವ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಅರ್ಧ ದಿನ ಕೊಟ್ಟು ಇವುಗಳನ್ನು ಪರೀಕ್ಷಿಸಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಕ್ಯಾಪ್ ತೆಗೆದು ಗಾಡಿ ಚಾಲೂ ಮಾಡಿ. ಎಂಜಿನ್ ಬಿಸಿಯಾಗುವ ಮೊದಲೇ ನೀರಿನಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ, ಅಥವಾ ಎರಡೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ತಲೆಗೂ ನಡುವಿನ ಸೀಲು) ಹೋಗಿದೆ ಎಂದು ಅನುಮಾನಿಸಬೇಕು. ಅದನ್ನು ಸರಿಪಡಿಸದೆ ಬೇರೇನು ಮಾಡಿದರೂ ವ್ಯರ್ಥ. ನೀರಿನ ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರದ ಸುತ್ತ ಕಲೆ ಕಟ್ಟಿದೆಯೇ ನೋಡಿ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಇದ್ದರೆ ಪಂಪಿನ ಬೇರಿಂಗ್ ಸವೆದಿದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 12 ಮಿ.ಮೀ.ನಷ್ಟು ಮಾತ್ರ ತಗ್ಗಬೇಕು.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ. ನಮ್ಮ ಕಡೆಯ ಅರ್ಧಕ್ಕರ್ಧ ಜೀಪುಗಳಲ್ಲಿ ಇದು ಇರುವುದೇ ಇಲ್ಲ. ಯಾವುದೋ ಕಾಲದಲ್ಲಿ ಮೆಕ್ಯಾನಿಕ್ ತೆಗೆದು ಎಸೆದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್ ಚಳಿಗಾಲದ ಬೆಳಗಿನಲ್ಲಿ ಬೇಕಾದ ಶಾಖಕ್ಕೆ ಬರುವುದೇ ಇಲ್ಲ. ಡೀಸೆಲ್ ಅರೆಬರೆ ಉರಿಯುತ್ತದೆ, ಲೈನರ್ (ಸಿಲಿಂಡರಿನ ಒಳಗೋಡೆ) ಬೇಗ ಸವೆಯುತ್ತದೆ. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚಬೇಕಾದ ಎಂಜಿನ್‌ಗಳಲ್ಲಿ ಅದು ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಪರೀಕ್ಷಿಸುವುದು ಸುಲಭ. ಥರ್ಮೋಸ್ಟಾಟಿನ ಬಾಯಿಗೆ ದಾರವೊಂದನ್ನು ಸಿಕ್ಕಿಸಿ, ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ತೂಗುಬಿಡಿ. ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್ ಇರಲಿ. ಬಾಯಿ ತೆರೆದ ಕ್ಷಣ ಅದು ದಾರ ಬಿಟ್ಟು ಟಣ್ಣೆಂದು ತಳಕ್ಕೆ ಬೀಳುತ್ತದೆ. ಆಗಿನ ಉಷ್ಣತೆ ಅದರ ಮೇಲೆ ಮುದ್ರಿಸಿರುವ ಅಂಕಿಯ ಆಸುಪಾಸಿನಲ್ಲಿ ಇರಬೇಕು. ನನ್ನದರಲ್ಲಿ 82 ಡಿಗ್ರಿ.

ಇವೆಲ್ಲ ಸರಿಯಿದ್ದು, ಬಿಸಿ ರೇಡಿಯೇಟರಿನ ಮುಖದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಓಡಿಸಿದಾಗ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳು ಕಂಡರೆ ಕೊಳವೆಗಳು ಕಟ್ಟಿಕೊಂಡಿವೆ ಎಂದೇ ಅರ್ಥ. ಇಪ್ಪತ್ತು ವರ್ಷ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನಿಂದ ಬೇರೇನು ನಿರೀಕ್ಷಿಸುವುದು?

ಅಳತೆ ಮತ್ತು ಖರೀದಿ

ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕೊಂಡರೂ, ಅಳತೆ ಕೊಟ್ಟು ಮಾಡಿಸಿದರೂ, ಹಳೆಯ ರೇಡಿಯೇಟರಿನ ಚಿತ್ರ ಬರೆದು ಅಳತೆಗಳನ್ನು ಗುರುತಿಸಿಕೊಂಡೇ ಹೊರಡಿ. ಕೋರಿನ (ಕೊಳವೆ, ರೆಕ್ಕೆಗಳಿರುವ ನಡುಭಾಗ) ಎತ್ತರ, ಅಗಲ, ದಪ್ಪ, ಮೇಲಿನ ಮತ್ತು ಕೆಳಗಿನ ಬಾಯಿಗಳ ಹೊರವ್ಯಾಸ, ಅವು ಯಾವ ಬದಿಗೆ ಎಷ್ಟು ಓರೆಯಾಗಿವೆ, ಪಕ್ಕದ ಬೋಲ್ಟ್ ರಂಧ್ರಗಳ ನಡುವಿನ ಅಂತರ, ಕ್ಯಾಪಿನ ಜಾಗ. ಜೊತೆಗೆ ಹಳೆಯ ಕೋರಿನ ಹಿಂಬದಿಯಿಂದ ಫ್ಯಾನಿನ ರೆಕ್ಕೆಯವರೆಗಿನ ಅಂತರ. ಎಲ್ಲರೂ ಮರೆಯುವುದು ಇದನ್ನೇ, ಆಮೇಲೆ ಪರದಾಡಿಸುವುದೂ ಇದೇ.

ದಪ್ಪ ಹೆಚ್ಚಿದಷ್ಟೂ ತಂಪು ಎಂದು ಮಾರುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲೋ ಗೇರಿನಲ್ಲಿ ಏರು ಹತ್ತುವಾಗ ಎದುರುಗಾಳಿ ಎಂಬುದೇ ಇಲ್ಲ. ಗಾಳಿಯನ್ನೆಲ್ಲ ಫ್ಯಾನೇ ಎಳೆಯಬೇಕು. 80 ಮಿ.ಮೀ. ದಪ್ಪದ ಕೋರಿನ ಮೂಲಕ ಎಳೆಯುವ ತ್ರಾಣ ಹಳೆಯ ಜೀಪಿನ ಫ್ಯಾನಿಗೆ ಇಲ್ಲ. ಒಂದಿಂಚಿನ ಕೊಳವೆಗಳು ಎರಡು ಸಾಲು ಇರುವ, 50ರಿಂದ 56 ಮಿ.ಮೀ. ದಪ್ಪದ ಕೋರ್ ಸಾಕು.

ಕೈಗೆತ್ತಿಕೊಂಡಾಗ ನೋಡಬೇಕಾದದ್ದು: ಟ್ಯಾಂಕಿನ ಬೆಸುಗೆ ಒಂದೇ ಸಮನಾದ ಸಣ್ಣ ಅಲೆಗಳಂತೆ ಇರಬೇಕು, ಗಂಟುಗಂಟಾಗಿ ಇರಬಾರದು. ಕೊಳವೆಗಳು ಟ್ಯಾಂಕಿಗೆ ಸೇರುವಲ್ಲಿ ಅಂಟು ಬಳಿದಿದ್ದರೆ ಬೇಡ. ಹೋಸ್ ಸೇರುವ ಬಾಯಿಗಳ ತುದಿಯಲ್ಲಿ ಉಬ್ಬಿದ ಅಂಚು ಇರಲೇಬೇಕು. ಅದಿಲ್ಲದ ನುಣುಪು ಕೊಳವೆಯಿಂದ ಹೋಸ್ ಒತ್ತಡಕ್ಕೆ ಜಾರಿ ಹೊರಬರುತ್ತದೆ. ಬಾಯಿಗಳನ್ನು ಮುಚ್ಚಿಸಿ, ನಿಮ್ಮ ಎದುರಿಗೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಗಾಳಿ ಕೊಟ್ಟು ತೋರಿಸಲು ಹೇಳಿ. ಮನೆಗೆ ತಂದ ಮೇಲೆ ಒಳಗೆ ನೀರು ಹಾಕಿ ಚೆನ್ನಾಗಿ ಕುಲುಕಿ ಚೆಲ್ಲಿ. ನನ್ನದರಿಂದ ಚಮಚದಷ್ಟು ಲೋಹದ ಚೂರು ಬಿತ್ತು.

ಕಳಚುವುದು

ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯಲೇಬೇಡಿ. ಸಂಜೆ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕ್ಯಾಪ್ ತೆಗೆದು, ಕೆಳಗಿನ ನಲ್ಲಿಯಿಂದ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವ) ಬಕೆಟಿಗೆ ಇಳಿಸಿ. ಎಷ್ಟು ಲೀಟರ್ ಬಂತೆಂದು ಬರೆದಿಟ್ಟುಕೊಳ್ಳಿ, ತುಂಬಿಸುವಾಗ ಬೇಕು. ಆ ಬಕೆಟನ್ನು ಅಲ್ಲೇ ಬಿಟ್ಟು ಊಟಕ್ಕೆ ಏಳಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ದನ ಬಾಯಿ ಹಾಕುತ್ತವೆ, ಅದು ಅವುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ಮುಚ್ಚಳವಿರುವ ಕ್ಯಾನಿಗೆ ಆಗಲೇ ಸುರಿದುಬಿಡಿ. ಹೊಳೆಗೆ, ಕೆರೆಗೆ ಚೆಲ್ಲಬೇಡಿ.

ಹೋಸ್‌ಗಳು ಅಂಟಿಕೊಂಡಿದ್ದರೆ ಎಳೆದಾಡದೆ ಉದ್ದಕ್ಕೆ ಸೀಳಿ ತೆಗೆಯಿರಿ. ಹೇಗೂ ಹೊಸದು ಹಾಕುತ್ತೀರಿ. ಮುಂಭಾಗದ ಜಾಲರಿಯಿಂದ ಎಂಜಿನ್ ಹಿಂದಿನ ಗೋಡೆಗೆ ಹೋಗುವ ಆಧಾರದ ಸರಳುಗಳಿದ್ದರೆ, ಬಿಚ್ಚುವ ಮೊದಲು ಅವುಗಳ ನಟ್ಟು ನಿಂತ ಜಾಗಕ್ಕೆ ಬಣ್ಣದ ಗುರುತು ಹಾಕಿ. ಜಾಲರಿ ಹಿಂದೆ ಮುಂದೆ ಆದರೆ ಬಾನೆಟ್ ಸರಿಯಾಗಿ ಕೂರುವುದಿಲ್ಲ. ಪಕ್ಕದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಬೆಳಿಗ್ಗೆ ಕೈ ಕೊಯ್ದುಕೊಳ್ಳುವುದು ತಪ್ಪುತ್ತದೆ. ರೇಡಿಯೇಟರನ್ನು ಎತ್ತುವ ಮೊದಲು ಕೋರಿಗೂ ಫ್ಯಾನಿಗೂ ನಡುವೆ ಒಂದು ರಟ್ಟು ಇಳಿಬಿಡಿ.

ಎಂಜಿನ್ನಿನ ಒಳಗು ತೊಳೆಯುವುದು

ಹಳೆಯ ಕೆಸರನ್ನು ಹೊಸ ಕೊಳವೆಗಳಿಗೆ ಕಳಿಸಬಾರದು. ಥರ್ಮೋಸ್ಟಾಟ್ ತೆಗೆದು, ತೋಟದ ಪೈಪನ್ನು ಮೇಲಿನ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಕೆಳಗಿನ ಹೋಸ್ ಬಾಯಿಯಿಂದ ಹೊರಬರುವಂತೆ ನೀರು ಬಿಡಿ. ಮೊದಲು ಕಾಫಿ ಕಷಾಯದ ಬಣ್ಣ ಬರುತ್ತದೆ, ಆಮೇಲೆ ಇಟ್ಟಿಗೆ ಪುಡಿಯ ಬಣ್ಣ. ತಿಳಿಯಾಗುವವರೆಗೆ ಬಿಡುತ್ತಲೇ ಇರಿ. ಬ್ಲಾಕಿನ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿ, ನೀರು ಬಾರದಿದ್ದರೆ ತಂತಿಯಿಂದ ಕೆದಕಿ. ಕೆಸರು ಗಟ್ಟಿಯಾಗಿ ಕುಳಿತಿರುವುದು ಅಲ್ಲೇ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ರೇಡಿಯೇಟರ್ ಅಂಗಡಿಗಳಲ್ಲಿ ತಾಮ್ರದ ಕೋರನ್ನು ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುವ ರೂಢಿಯಿದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಮುಂದೆ ಎಂದಾದರೂ ತೊಳೆಸಲು ಕೊಟ್ಟರೆ ಇದು ಅಲ್ಯೂಮಿನಿಯಂ ಎಂದು ಒತ್ತಿ ಹೇಳಿಯೇ ಕೊಡಿ.

ತೂಗುವಂತೆ ಕೂರಿಸುವುದು

ನನ್ನ ಮೊದಲ ರೇಡಿಯೇಟರ್ ಹಾಳಾದದ್ದು ಈ ಹಂತದಲ್ಲಿ ಮಾಡಿದ ತಪ್ಪಿನಿಂದ. ಹಳೆಯದನ್ನು ಹೇಗೆ ಬಿಗಿದಿದ್ದರೋ ಹಾಗೆಯೇ, ಲೋಹಕ್ಕೆ ಲೋಹ ತಾಗಿಸಿ, ಬೋಲ್ಟನ್ನು ಪೂರ್ತಿ ಬಿಗಿದಿದ್ದೆ. ತೋಟದ ದಾರಿಯಲ್ಲಿ ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಬಂಡೆ ಏರಿದಾಗ ಚಾಸಿಸ್ ತಿರುಚುತ್ತದೆ, ಅದರ ಜೊತೆ ಮುಂಭಾಗದ ಜಾಲರಿಯೂ ತಿರುಚುತ್ತದೆ. ತಾಮ್ರ–ಹಿತ್ತಾಳೆಯ ರೇಡಿಯೇಟರ್ ಆ ತಿರುಚಿಗೆ ಸ್ವಲ್ಪ ಬಾಗಿಕೊಡುತ್ತದೆ. ಅಲ್ಯೂಮಿನಿಯಂ ಬೆಸುಗೆ ಬಾಗುವುದಿಲ್ಲ. ದಿನಕ್ಕಿಷ್ಟು ದಣಿಯುತ್ತಾ ಹೋಗಿ ಒಂದು ದಿನ ಬಿರಿಯುತ್ತದೆ. ಕೆಳಗಿನ ಟ್ಯಾಂಕಿನ ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ, ಅದರ ಅಂಚಿನಲ್ಲಿ ಉಗುರಿಗೆ ಬರುವಂಥ ಬಿಳಿ ಪುಡಿ, ಕೂಲೆಂಟಿನ ಹಸಿರು ಅಂಟು. ಮೊದಲಿಗೆ ಕಂಡದ್ದು ಅಷ್ಟೇ. ಹದಿನೈದು ದಿನದಲ್ಲಿ ಅದು ಹನಿಯಾಯಿತು.

ಎರಡನೆಯ ಸಲ ಹೀಗೆ ಮಾಡಿದೆ. ರೇಡಿಯೇಟರಿನ ಭಾರವನ್ನೆಲ್ಲ ಕೆಳಗೆ ಎರಡು ದಪ್ಪ ರಬ್ಬರ್ ಬುಷ್‌ಗಳ ಮೇಲೆ ಕೂರಿಸಿದೆ. ಅದಕ್ಕಾಗಿ 3 ಮಿ.ಮೀ. ಕಬ್ಬಿಣದ ಪಟ್ಟಿಯಿಂದ ಇಂಗ್ಲಿಷ್‌ನ ಎಲ್ ಅಕ್ಷರದ ಆಕಾರದ ಎರಡು ಬ್ರಾಕೆಟ್ ಮಾಡಿಸಿ ಜಾಲರಿಯ ಚೌಕಟ್ಟಿಗೆ ಹಾಕಿಸಿದೆ. ಪಕ್ಕದ ಬೋಲ್ಟುಗಳ ಕೆಲಸ ರೇಡಿಯೇಟರ್ ಮುಂದೆ ಹಿಂದೆ ಬೀಳದಂತೆ ಹಿಡಿಯುವುದಷ್ಟೇ. ಅಲ್ಲಿನ ರಂಧ್ರಗಳನ್ನು 12 ಮಿ.ಮೀ.ಗೆ ಹಿಗ್ಗಿಸಿ, ಒಳಗೆ ರಬ್ಬರ್ ಗ್ರೋಮೆಟ್ (ರಂಧ್ರದ ಅಂಚಿಗೆ ಕೂರುವ ಬಳೆ) ತೂರಿಸಿ, ಅದರೊಳಗೆ ಕೊಳವೆಯ ಸಣ್ಣ ತುಂಡು ಇಟ್ಟು 8 ಮಿ.ಮೀ. ಬೋಲ್ಟ್ ಹಾಕಿದೆ. ಬೋಲ್ಟ್ ಬಿಗಿಯಾಗುವುದು ಆ ಕೊಳವೆತುಂಡಿನ ಮೇಲೆ, ರಬ್ಬರ್ ಜಜ್ಜಿಹೋಗುವುದಿಲ್ಲ. ನಟ್ಟುಗಳು ನೈಲಾನ್ ಒಳಪದರ ಇರುವಂಥವು, ಅಲ್ಲಾಟಕ್ಕೆ ಸಡಿಲವಾಗುವುದಿಲ್ಲ. ಕೆಲಸ ಮುಗಿದ ಮೇಲೆ ರೇಡಿಯೇಟರಿನ ಮೇಲ್ತುದಿ ಹಿಡಿದು ಅಲ್ಲಾಡಿಸಿದರೆ ಎರಡು ಮೂರು ಮಿ.ಮೀ. ಆಡಿ ಮತ್ತೆ ಜಾಗಕ್ಕೆ ಬರಬೇಕು. ಬಂಡೆಯಂತೆ ನಿಂತಿದ್ದರೆ ಇನ್ನೂ ಎಲ್ಲೋ ಲೋಹಕ್ಕೆ ಲೋಹ ತಾಗುತ್ತಿದೆ, ಹುಡುಕಿ.

ರಬ್ಬರಿನಿಂದ ಇನ್ನೊಂದು ಉಪಕಾರವೂ ಇದೆ: ರೇಡಿಯೇಟರ್ ವಿದ್ಯುತ್ತಿನ ದಾರಿಯಿಂದ ದೂರ ಉಳಿಯುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಫ್ಯಾನ್ ಮತ್ತು ಕವಚ

ಹೊಸ ಕೋರ್ ಹಳೆಯದಕ್ಕಿಂತ ದಪ್ಪವಾಗಿದ್ದರೆ ಫ್ಯಾನಿಗೆ ಹತ್ತಿರ ಬಂದಿರುತ್ತದೆ. ಕಣ್ಣಂದಾಜು ನಂಬಬೇಡಿ. ಚಪಾತಿ ಹಿಟ್ಟಿನ ದಪ್ಪ ಉಂಡೆಗಳನ್ನು ಫ್ಯಾನಿನ ಪ್ರತಿ ರೆಕ್ಕೆಯ ಮುಂಬದಿಗೆ ಅಂಟಿಸಿ, ಕೋರಿಗೆ ಒಂದು ತೆಳು ರಟ್ಟು ಹೊದಿಸಿ, ರೇಡಿಯೇಟರನ್ನು ಜಾಗದಲ್ಲಿಟ್ಟು ಒತ್ತಿ, ಹೊರತೆಗೆದು ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆಯಿರಿ. ಎಲ್ಲಕ್ಕಿಂತ ತೆಳುವಾದ ಉಂಡೆ 25 ಮಿ.ಮೀ. ಇರಬೇಕು. ಕಡಿಮೆ ಬಂದರೆ ಫ್ಯಾನಿನ ಹಿಂದಿನ ಸ್ಪೇಸರನ್ನು ತೆಳುವಾದದ್ದಕ್ಕೆ ಬದಲಿಸಿ, ಇಲ್ಲವೇ ರೇಡಿಯೇಟರಿನ ಬ್ರಾಕೆಟ್ ಮುಂದಕ್ಕೆ ಸರಿಸಿ. ಇಷ್ಟು ಅಂತರ ಏಕೆಂದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಮುಂದಕ್ಕೆ ಬಾಗುತ್ತದೆ. ಹಳ್ಳ ದಾಟುವಾಗ ನೀರು ಫ್ಯಾನಿಗೆ ಮುಟ್ಟಿದರೆ ರೆಕ್ಕೆಗಳೇ ಮುಂದಕ್ಕೆ ಬಗ್ಗಿ ಕೋರನ್ನು ಗುಂಡಗೆ ಕೊರೆದುಬಿಡುತ್ತವೆ. ಅಷ್ಟು ಆಳದ ನೀರಿಗೆ ಇಳಿಯಲೇಬೇಕಾದರೆ ಬೆಲ್ಟ್ ಸಡಿಲಿಸಿ ದಾಟಿ, ಆಚೆ ದಡದಲ್ಲಿ ತಕ್ಷಣ ಬಿಗಿಯಿರಿ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ.

ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಡುವುದು ಫ್ಯಾನಿನ ಕವಚ. ಕವಚವಿಲ್ಲದ ಫ್ಯಾನ್ ತನ್ನ ಎದುರಿನ ವೃತ್ತದ ಮೂಲಕ ಮಾತ್ರ ಗಾಳಿ ಎಳೆಯುತ್ತದೆ. ಕೋರಿನ ನಾಲ್ಕು ಮೂಲೆಗಳು ಸುಮ್ಮನೆ ಕುಳಿತಿರುತ್ತವೆ. ಅದಕ್ಕಿಂತ ಕೆಟ್ಟದ್ದು, ರೆಕ್ಕೆಯ ತುದಿಯಿಂದ ಬಿಸಿಗಾಳಿ ಮರಳಿ ಮುಂದಕ್ಕೆ ಸುತ್ತಿ ಬರುತ್ತದೆ. ನಾನು ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದೇ ಅಳತೆಗೆ 1.6 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಿದೆ. ಕವಚ ಕೋರನ್ನು ಪೂರ್ತಿ ಮುಚ್ಚಬೇಕು, ಅಂಚಿಗೆ ರಬ್ಬರ್ ಪಟ್ಟಿ ಇರಬೇಕು. ಫ್ಯಾನಿನ ರೆಕ್ಕೆಯ ಅರ್ಧ ಅಗಲ ಕವಚದ ಉಂಗುರದ ಒಳಗೆ, ಅರ್ಧ ಹೊರಗೆ. ರೆಕ್ಕೆಯ ತುದಿಗೂ ಉಂಗುರಕ್ಕೂ ಸುತ್ತಲೂ 20 ಮಿ.ಮೀ. ಬಿಡಿ, ಮೇಲ್ಗಡೆ ಕೊಂಚ ಹೆಚ್ಚಿದ್ದರೂ ಸರಿ, ಏಕೆಂದರೆ ಗುಂಡಿಗೆ ಬಿದ್ದಾಗ ಎಂಜಿನ್ ಮೇಲಕ್ಕೂ ನೆಗೆಯುತ್ತದೆ. ಕವಚವನ್ನು ಕೋರಿನ ರೆಕ್ಕೆಗಳ ಮೂಲಕ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕಟ್ಟಬೇಡಿ, ಅವು ಕೊಳವೆಗೆ ಉಜ್ಜಿ ತೂತು ಮಾಡುತ್ತವೆ. ಪಕ್ಕದ ಪಟ್ಟಿಗಳಿಗೇ ಬೋಲ್ಟ್ ಹಾಕಿ.

ಜಾಲರಿಯ ಮುಂದೆ ಸಾಲಾಗಿ ನಿಲ್ಲಿಸಿರುವ ದೊಡ್ಡ ದೀಪಗಳನ್ನೂ ಸರಿಸಿ. ಗಾಳಿ ಬರುವ ಬಾಗಿಲಿಗೇ ಅವು ಅಡ್ಡ ನಿಂತಿರುತ್ತವೆ.

ಹೋಸ್, ಕ್ಯಾಪ್

ಹೋಸ್ ಹೊಸದೇ ಹಾಕಿ. ಕೆಳಗಿನದು ಪಂಪಿನ ಎಳೆತಕ್ಕೆ ಸಿಕ್ಕುವುದರಿಂದ ಒಳಗೆ ಸುರುಳಿ ತಂತಿ ಇದ್ದರೆ ಚಪ್ಪಟೆಯಾಗುವುದಿಲ್ಲ. ಕ್ಲಿಪ್ಪನ್ನು ಉಬ್ಬಿದ ಅಂಚಿನ ಹಿಂದೆ ಕೂರಿಸಿ, ರಬ್ಬರ್ ಸ್ವಲ್ಪ ಉಬ್ಬುವಷ್ಟು ಬಿಗಿದರೆ ಸಾಕು. ಅಲ್ಯೂಮಿನಿಯಂ ಬಾಯಿ ಕಬ್ಬಿಣದಂತೆ ತಡೆಯುವುದಿಲ್ಲ.

ಕ್ಯಾಪಿನ ಒತ್ತಡದ ವಿಷಯದಲ್ಲಿ ಆಸೆ ಬೇಡ. ಸಮುದ್ರ ಮಟ್ಟದಲ್ಲಿ 7 ಪಿಎಸ್‌ಐ ಕ್ಯಾಪ್ ನೀರಿನ ಕುದಿಬಿಂದುವನ್ನು ಸುಮಾರು 111 ಡಿಗ್ರಿಗೆ, 13 ಪಿಎಸ್‌ಐ ಕ್ಯಾಪ್ ಸುಮಾರು 118 ಡಿಗ್ರಿಗೆ ಏರಿಸುತ್ತದೆ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕ್ಯಾಪ್ ಚೆನ್ನಾಗಿರುವುದು ನಮಗೆ ಇನ್ನೂ ಮುಖ್ಯ. ಆದರೆ ಹಳೆಯ ಪಂಪಿನ ಸೀಲು, ಹಳೆಯ ಗ್ಯಾಸ್ಕೆಟ್ ಹೆಚ್ಚಿನ ಒತ್ತಡಕ್ಕೆ ಮಾಡಿದವಲ್ಲ. ಹಳೆಯ ಕ್ಯಾಪಿನ ಮೇಲೆ ಮುದ್ರಿಸಿದ್ದ ಅಂಕಿಯದ್ದನ್ನೇ, ಹೊಸ ರಬ್ಬರಿನದ್ದನ್ನು ಹಾಕಿ. ಉಕ್ಕಿದ್ದು ನೆಲಕ್ಕೆ ಹೋಗುವ ಬದಲು ಒಂದು ಬಾಟಲಿಗೆ ಹೋಗಿ ತಣ್ಣಗಾದಾಗ ಮರಳಿ ಬರುವ ವ್ಯವಸ್ಥೆ ಮಾಡಿಕೊಳ್ಳಿ. ಅದಕ್ಕೆ ಮೇಲೆ ಕೆಳಗೆ ಎರಡು ರಬ್ಬರ್ ವಾಷರ್ ಇರುವ ಕ್ಯಾಪ್ ಬೇಕು.

ಕೂಲೆಂಟ್ ತುಂಬಿಸುವುದು, ಗಾಳಿ ಬಿಡಿಸುವುದು

ಬೋರ್‌ವೆಲ್ ನೀರು, ಕೆರೆ ನೀರು, ನಲ್ಲಿ ನೀರು ಯಾವುದೂ ಬೇಡ. ಅವುಗಳಲ್ಲಿರುವ ಲವಣ ಪದರ ಕಟ್ಟುತ್ತದೆ, ಕ್ಲೋರೈಡ್ ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ. ಅಲ್ಯೂಮಿನಿಯಂಗೆ ಹೊಂದುವುದೆಂದು ಬರೆದಿರುವ ಕೂಲೆಂಟನ್ನು ಖನಿಜರಹಿತ ನೀರಿನ ಜೊತೆ ಸಮಪಾಲು ಬೆರೆಸಿ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲವಲ್ಲ, ಬರೀ ನೀರು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕ.

ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಕ್ಯಾಪಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಲಿ. ಥರ್ಮೋಸ್ಟಾಟಿನಲ್ಲಿ ಸಣ್ಣ ಗಾಳಿರಂಧ್ರವಿದ್ದರೆ ಅದು ಮೇಲ್ಭಾಗಕ್ಕೆ ಬರುವಂತೆ ಕೂರಿಸಿರಬೇಕು. ಸಣ್ಣ ಧಾರೆಯಲ್ಲಿ ಸುರಿಯುತ್ತಾ, ಮೇಲಿನ ಹೋಸನ್ನು ಆಗಾಗ ಹಿಚುಕುತ್ತಾ ಹೋಗಿ. ಗುಳುಗುಳು ಸದ್ದು ನಿಲ್ಲುವವರೆಗೆ. ಕ್ಯಾಪ್ ಹಾಕದೆ ಎಂಜಿನ್ ಚಾಲೂ ಮಾಡಿ ಬಿಡಿ. ಹತ್ತು ಹದಿನೈದು ನಿಮಿಷದ ಬಳಿಕ ಉಗುರುಬೆಚ್ಚಗಿದ್ದ ಮೇಲಿನ ಹೋಸ್ ಇದ್ದಕ್ಕಿದ್ದಂತೆ ಕೈ ಸುಡುವಷ್ಟಾಗುತ್ತದೆ, ಮಟ್ಟ ಸರ್ರನೆ ಇಳಿಯುತ್ತದೆ. ಥರ್ಮೋಸ್ಟಾಟ್ ತೆರೆಯಿತು. ಭರ್ತಿ ಮಾಡಿ, ಕ್ಯಾಪ್ ಮುಚ್ಚಿ. ಮೊದಲು ಬರೆದಿಟ್ಟ ಲೀಟರಿನ ಜೊತೆ ಹೋಲಿಸಿ ನೋಡಿ. ಹೊಸ ಕೋರಿನ ಗಾತ್ರ ಬೇರೆಯಿರಬಹುದು, ತೊಳೆಯುವಾಗ ಬ್ಲಾಕಿನಿಂದ ಇಳಿದದ್ದೂ ಸೇರುತ್ತದೆ. ಹಾಗಾಗಿ ಹೆಚ್ಚು ಹಿಡಿದರೆ ಚಿಂತೆಯಿಲ್ಲ. ಎರಡು ಮೂರು ಲೀಟರ್ ಕಡಿಮೆ ಹಿಡಿದಿದ್ದರೆ ಒಳಗೆಲ್ಲೋ ಗಾಳಿ ಕುಳಿತಿದೆ.

ಅಲೆಮಾರಿ ವಿದ್ಯುತ್ ಪರೀಕ್ಷೆ

ಹಳೆಯ ಜೀಪುಗಳಲ್ಲಿ ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಅರ್ತ್ ತಂತಿ ತುಕ್ಕು ಹಿಡಿದಿರುತ್ತದೆ. ಆಗ ಸ್ಟಾರ್ಟರ್, ದೀಪಗಳ ವಿದ್ಯುತ್ತು ಸಿಕ್ಕ ದಾರಿಯಲ್ಲಿ ಹರಿಯುತ್ತದೆ, ಕೂಲೆಂಟ್ ಕೂಡ ಅಂಥ ಒಂದು ದಾರಿ. ಅದು ಅಲ್ಯೂಮಿನಿಯಂ ಅನ್ನು ಒಳಗಿನಿಂದ ಕರಗಿಸುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ಕಡ್ಡಿಯನ್ನು ತಣ್ಣಗಿರುವ ರೇಡಿಯೇಟರಿನ ಬಾಯಿಯಲ್ಲಿ ಲೋಹಕ್ಕೆ ತಾಗದಂತೆ ಕೂಲೆಂಟಿನಲ್ಲಿ ಅದ್ದಿ. ಎಲ್ಲವೂ ಆರಿಸಿದ್ದಾಗ ಒಮ್ಮೆ, ದೀಪ ಹಾರ್ನ್ ಹಾಕಿ ಒಮ್ಮೆ, ಇನ್ನೊಬ್ಬರು ಸ್ಟಾರ್ಟರ್ ತಿರುಗಿಸುವಾಗ ಒಮ್ಮೆ ಓದಿ. 0.1 ವೋಲ್ಟಿನೊಳಗೆ ಇದ್ದರೆ ನಿಶ್ಚಿಂತೆ. 0.3 ದಾಟಿದರೆ ಅರ್ತ್ ತಂತಿಗಳನ್ನು ಬದಲಿಸಿ, ತಾಗುವ ಜಾಗದ ಬಣ್ಣ ಕೆರೆದು ಬಿಗಿಯಿರಿ. ಬ್ಯಾಟರಿಯ ಸಂಪರ್ಕ ಎರಡೂ ಕಡೆ ಕಳಚಿ, ಕಪ್ಪು ಕಡ್ಡಿಯನ್ನು ಎಂಜಿನ್ನಿನ ಲೋಹಕ್ಕೆ ಹಿಡಿದಾಗಲೂ ಅಷ್ಟೇ ತೋರಿಸುತ್ತಿದ್ದರೆ ಕೂಲೆಂಟ್ ಸತ್ವ ಕಳೆದುಕೊಂಡಿದೆ ಎಂದು ಅರ್ಥ. ಯಾವ ದೀಪದ, ಯಾವ ಹಾರ್ನಿನ ಅರ್ತ್ ತಂತಿಯನ್ನೂ ರೇಡಿಯೇಟರಿಗೆ ಬಿಗಿಯಬೇಡಿ.

ಏರಿಗೆ ಹಾಕಿ ನೋಡುವುದು

ಮೊದಲ ದಿನ ಹತ್ತು ಕಿಲೋಮೀಟರ್ ಸಮತಟ್ಟು ರಸ್ತೆ ಸಾಕು. ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿಸಿ, ಕ್ಲಿಪ್ಪುಗಳನ್ನು ಅರ್ಧ ಸುತ್ತು ಬಿಗಿಯಿರಿ. ಆಮೇಲೆ ಭಾರ ಹೇರಿ ನಿಮಗೆ ಗೊತ್ತಿರುವ ಕಷ್ಟದ ಏರಿಗೆ ಹಾಕಿ. ನಾನು ಹೋದದ್ದು ಬಿಸಿಲೆ ಘಾಟಿಗೆ. ಹಳೆಯ ಮುಳ್ಳಿನ ಮಾಪಕವನ್ನು ನೆಚ್ಚದೆ ಥರ್ಮೋಸ್ಟಾಟ್ ಮನೆಯ ಬಳಿ ಬೇರೊಂದು ಮಾಪಕ ಹಾಕಿಸಿದ್ದೆ. ಹಿಂದೆ 105 ದಾಟುತ್ತಿದ್ದ ಜಾಗದಲ್ಲಿ 92 ತೋರಿಸಿತು. ಏರು ಮುಗಿದ ಐದು ನಿಮಿಷದೊಳಗೆ 84ಕ್ಕೆ ಇಳಿಯಿತು. ಹಾಗೆ ಬೇಗ ಇಳಿಯುವುದೇ ಮುಖ್ಯ ಲಕ್ಷಣ. ಏರಿನಲ್ಲಿ ಮಾತ್ರ ಬಿಸಿಯಾಗಿ ಹೆದ್ದಾರಿಯಲ್ಲಿ ತಂಪಾಗಿದ್ದರೆ ಗಾಳಿ ಸಾಲುತ್ತಿಲ್ಲ, ಕವಚ ನೋಡಿ. ಹೆದ್ದಾರಿಯ ವೇಗದಲ್ಲೇ ಬಿಸಿಯಾದರೆ ನೀರಿನ ಹರಿವು ನೋಡಿ: ಪಂಪ್, ಕೆಳಗಿನ ಹೋಸ್, ಥರ್ಮೋಸ್ಟಾಟ್.

500 ಕಿಲೋಮೀಟರಿಗೆ ಒಮ್ಮೆ ಎಲ್ಲ ಬೋಲ್ಟ್, ರಬ್ಬರ್ ನೋಡಿ. ಮಳೆಗಾಲ ಕಳೆದ ಮೇಲೆ ಕೋರಿನಲ್ಲಿ ಸಿಕ್ಕಿಕೊಂಡ ಕೆಸರು, ಹುಲ್ಲಿನ ಬೀಜಗಳನ್ನು ಹಿಂಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಕಾರು ತೊಳೆಯುವ ಯಂತ್ರದ ಧಾರೆ ರೆಕ್ಕೆಗಳನ್ನು ಮಲಗಿಸಿಬಿಡುತ್ತದೆ. ಕೂಲೆಂಟ್ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಹಳೆಯ ತಾಮ್ರದ ರೇಡಿಯೇಟರನ್ನು ಗುಜರಿಗೆ ಹಾಕಬೇಡಿ. ಅಲ್ಯೂಮಿನಿಯಂ ಒಡೆದರೆ ಅದನ್ನು ಬೆಸೆಯಬಲ್ಲ ಟಿಗ್ ವೆಲ್ಡಿಂಗ್ ಯಂತ್ರ ಇರುವ ಪಟ್ಟಣಕ್ಕೇ ಹೋಗಬೇಕು. ತಾಮ್ರವನ್ನು ಬೆಸೆಯುವ ಕೈ ಚಿಕ್ಕ ಊರಿನಲ್ಲೂ ಸಿಗುತ್ತದೆ. ನಾನು ನನ್ನದನ್ನು ಬೆಸೆಸಿ, ತೊಳೆಸಿ, ಬಾಯಿಗಳಿಗೆ ಬಟ್ಟೆ ತುರುಕಿ ಕಣದ ಕೊಟ್ಟಿಗೆಯಲ್ಲಿ ತೂಗುಹಾಕಿದ್ದೇನೆ. ಪಕ್ಕದ ಮೊಳೆಯಲ್ಲಿ ಹಳೆಯ ಬೋಲ್ಟುಗಳ ಚೀಲವೂ ಇದೆ.